ಬೆಳಗಿನ ಕಾಲು, ಸಂಜೆಯ ಕಾಲು

ಏನೂ ಸಿಗಲಿಲ್ಲ ಎಂದು ಹೇಳುವುದಕ್ಕೆ ನಾನು ಆ ದಿನ ಮೊಳಕಾಲ್ಮೂರಿಗೆ ಹೊರಟಿದ್ದೆ. ಬ್ಯಾಗಿನಲ್ಲಿ ಎರಡು ಹಾಳೆಯ ವರದಿ ಇತ್ತು. ಅದರ ಕೊನೆಯ ಸಾಲು ಹೀಗಿತ್ತು: ‘ಕಾಯಿಲೆಗೆ ಕಾರಣ ಎನ್ನಬಹುದಾದ ಬದಲಾವಣೆ ಕಂಡುಬಂದಿಲ್ಲ.’ ಇಂಥದ್ದನ್ನು ಫೋನಿನಲ್ಲಿ ಹೇಳಿ ಮುಗಿಸಬಾರದು, ಮನೆಗೇ ಹೋಗಿ ಎದುರು ಕೂತು ಹೇಳಬೇಕು ಅನ್ನುವುದು ನಮ್ಮ ನಿಯಮ. ನಿಯಮ ಮಾಡಿದವರು ಒಳ್ಳೆಯವರೇ. ಆದರೆ ಹೇಳುವವಳು ನಾನು.

ನಾನು ಚಳ್ಳಕೆರೆಯವಳು, ನರ್ಸು. ಅಪರೂಪದ ಕಾಯಿಲೆಗಳ ಮೂಲವನ್ನು ಜೀನುಗಳಲ್ಲಿ ಹುಡುಕುವ ಒಂದು ಯೋಜನೆಯಲ್ಲಿ ಆಗ ಕೆಲಸ ಮಾಡುತ್ತಿದ್ದೆ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕು ನನ್ನ ಪಾಲಿಗೆ. ಮನೆಗೆ ಹೋಗುವುದು, ಒಪ್ಪಿಗೆ ಪತ್ರ ಓದಿ ಹೇಳುವುದು, ಮೂರು ತಲೆಮಾರಿನ ವಂಶದ ನಕ್ಷೆ ಬರೆಯುವುದು, ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿಗೆ ಕಳಿಸುವುದು. ಅಲ್ಲಿನ ಲ್ಯಾಬು ಆ ರಕ್ತದಲ್ಲಿರುವ ಜೀನುಗಳನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ಯಾರನ್ನೇ ಓದಿದರೂ ಸಾವಿರಾರು ಸಣ್ಣಪುಟ್ಟ ವ್ಯತ್ಯಾಸ ಸಿಗುತ್ತವೆ. ನಿಮ್ಮಲ್ಲೂ ಇವೆ, ನನ್ನಲ್ಲೂ ಇವೆ. ಬಹುಪಾಲಿನಿಂದ ಏನೂ ತೊಂದರೆಯಿಲ್ಲ. ಅಷ್ಟರಲ್ಲಿ ಕಾಯಿಲೆ ತಂದದ್ದು ಯಾವುದು ಎಂದು ಸೋಸುವುದು ಕೃತಕ ಬುದ್ಧಿಮತ್ತೆಯ ಒಂದು ಪ್ರೋಗ್ರಾಮು. ಯಾವ ವ್ಯತ್ಯಾಸದಿಂದ ಮೈಯೊಳಗಿನ ಯಾವ ಪ್ರೋಟೀನು ಕೆಡಬಹುದು ಎಂದು ಅದು ಅಂದಾಜು ಮಾಡುತ್ತದೆ. ಆಮೇಲೆ ರೋಗಿಯ ಲಕ್ಷಣಗಳ ಜೊತೆ ತಾಳೆ ನೋಡಿ, ಹೆಚ್ಚು ಅನುಮಾನದ್ದು ಮೇಲೆ, ಕಡಿಮೆಯದು ಕೆಳಗೆ, ಹೀಗೊಂದು ಪಟ್ಟಿ ಕೊಡುತ್ತದೆ. ಆ ಲಕ್ಷಣಗಳನ್ನು ಟ್ಯಾಬ್ಲೆಟ್ಟಿನಲ್ಲಿ ತುಂಬಿ ಕಳಿಸುವವಳು ನಾನೇ.

ವರದಿ ಯಾರದ್ದೋ ಅವಳು ಹತ್ತೊಂಬತ್ತು ವರ್ಷದ ಹುಡುಗಿ. ಮನೆಯಲ್ಲೇ ಮಗ್ಗ, ರೇಷ್ಮೆ ಸೀರೆ ನೇಯುವವರು. ಏಳೆಂಟು ವರ್ಷದವಳಿದ್ದಾಗಿನಿಂದ ಕಾಲು ಸರಿಯಿಲ್ಲ. ಹಳೆಯ ಚೀಟಿಗಳಲ್ಲಿ ಹುಟ್ಟುವಾಗಲೇ ಮೆದುಳಿಗಾದ ಪೆಟ್ಟು, ಕಾಲಿನ ಬಿಗಿತ ಎಂದೆಲ್ಲ ಇತ್ತು. ಮೊದಲ ಸಲ ನಾನು ಹೋದಾಗ ಬೆಳಿಗ್ಗೆ ಒಂಬತ್ತು ಗಂಟೆ. ಹುಡುಗಿ ನನಗೆ ನೀರು ತಂದುಕೊಟ್ಟಳು. ಹೆಜ್ಜೆ ಸ್ವಲ್ಪ ಬಿಗಿ ಅನಿಸಿತು, ಅಷ್ಟೇ. ಚೀಟಿಗಳ ಫೋಟೋ ತೆಗೆದೆ. ಅವನ್ನು ಓದಿ ಫಾರಮ್ಮಿನ ಅರ್ಧ ಭಾಗವನ್ನು ತಾನೇ ತುಂಬಿಕೊಳ್ಳುವ ಏರ್ಪಾಡೂ ನಮ್ಮ ಟ್ಯಾಬ್ಲೆಟ್ಟಿನಲ್ಲಿತ್ತು. ಅದು ತುಂಬಿತು. ‘ಪರಿಶೀಲಿಸಿದ್ದೇನೆ, ಸರಿ ಇದೆ’ ಎಂದು ನಾನು ಒತ್ತಿದೆ. ರಕ್ತ ತೆಗೆದುಕೊಂಡು ಹತ್ತೂವರೆಯ ಬಸ್ಸು ಹಿಡಿದೆ.

ಈ ಸಲವೂ ಬೆಳಿಗ್ಗೆಯೇ ಹೋಗಬೇಕಿತ್ತು. ಚಳ್ಳಕೆರೆಯಲ್ಲಿ ಒಂದು ಮಗುವಿನ ರಕ್ತ ಸಿಗದೆ ಎರಡು ಸಲ ಚುಚ್ಚಿ, ಮೂರನೆಯದಕ್ಕೆ ಅದರ ತಾಯಿಯ ಬೈಗುಳವೂ ಸೇರಿ ಮಧ್ಯಾಹ್ನವಾಯಿತು. ಹತ್ತಿದ ಖಾಸಗಿ ಬಸ್ಸು ಮೊಳಕಾಲ್ಮೂರಿನ ಈಚೆಗಿನ ಹಾನಗಲ್ ದಾಟುವ ಮುಂಚೆ ಪಂಕ್ಚರ್ ಆಗಿ ಮುಕ್ಕಾಲು ಗಂಟೆ ನಿಂತಿತು. ಮೊಳಕಾಲ್ಮೂರಿನ ಆ ಓಣಿಗೆ ನಾನು ಕಾಲಿಟ್ಟಾಗ ಐದು ದಾಟಿತ್ತು.

ಬಾಗಿಲಲ್ಲಿ ಕೂತಿದ್ದ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿತು. ಹುಡುಗಿಯ ಅಪ್ಪನ ತಾಯಿ ಅದು. ಮಾತಲ್ಲಿ ತೆಲುಗು, ಕನ್ನಡ ಎರಡೂ ಕೂಡಿಯೇ ಬರುತ್ತವೆ.

“ಏಮ್ಮಾ ಸಿಸ್ಟರಮ್ಮ, ಈ ಹೊತ್ನಾಗೆ ಬಂದ್ಬಿಟ್ಟಿ? ರಾ, ಕೂಚೋ.”

ಕೂರಲಿಲ್ಲ. ಒಳಗೆ ಕಂಡದ್ದೇ ನನ್ನನ್ನು ನಿಲ್ಲಿಸಿತು.

ಅವರದು ಗುಂಡಿ ಮಗ್ಗ. ನೆಲದಲ್ಲಿ ಅಗೆದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಅಪ್ಪ ಆ ಹುಡುಗಿಯ ಎರಡೂ ಕಂಕುಳಿಗೆ ಕೈಕೊಟ್ಟು ಗುಂಡಿಯಿಂದ ಮೇಲಕ್ಕೆತ್ತುತ್ತಿದ್ದ. ಬಲಗಾಲಿನ ಪಾದ ಒಳಮುಖವಾಗಿ ತಿರುಚಿಕೊಂಡಿತ್ತು. ಬೆರಳೆಲ್ಲ ಮುದುರಿದ್ದವು. ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಎಡಗಾಲೂ ನೆಟ್ಟಗಿರಲಿಲ್ಲ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡಲು ಅವಳಿಗೆ ನಿಮಿಷ ಹಿಡಿಯಿತು. ನನಗೆ ನೀರು ತಂದುಕೊಟ್ಟ ಹುಡುಗಿ ಇವಳೇನಾ ಎಂದು ನಾನು ಮುಖ ನೋಡಿದೆ. ಅವಳೇ. ನನ್ನನ್ನು ಕಂಡು ನಾಚಿ ತಲೆ ತಗ್ಗಿಸಿದಳು.

“ಸಂಜೆ ಬರ್ಬೇಡ್ರಿ ಸಿಸ್ಟರ್. ಸಂಜೆ ನಾನು ಚೆನ್ನಾಗಿರಲ್ಲ.”

“ದಿನಾ ಹಿಂಗೇ ಆಗುತ್ತಾ?” ಅಂದೆ.

“ದಿನಾನೂ ಹಿಂಗೇ ಐತಿ. ಬೆಳಿಗ್ಗೆ ಎದ್ರೆ ಏನೂ ಇರಲ್ಲ,” ಅಂದ ಅಪ್ಪ. “ನಿಮಗೆ ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅಜ್ಜಿ ಬಾಗಿಲಿನಿಂದಲೇ ಅಂದಿತು: “ಬೆಳಿಗ್ಗೆ ಕಾಲು ನಮ್ದು. ಸಾಯಂಕಾಲ ಕಾಲು ಯಾರ್ದೋ.”

ಹುಡುಗಿಯ ಅವ್ವ ಒಳಗಿನಿಂದ ಬಂದು ಕೂತಳು. ಒಂದೊಂದೇ ಹೊರಬಂತು. ಶಾಲೆಗೆ ಹೋಗುವಾಗ ಮಗಳು ಓಡುತ್ತ ಹೋಗುತ್ತಿದ್ದಳಂತೆ. ಬರುವಾಗ ಅಪ್ಪ ಸೈಕಲ್ ತಗೊಂಡು ಹೋಗಬೇಕಿತ್ತಂತೆ. ಒಂಬತ್ತನೇ ಕ್ಲಾಸಿಗೆ ಬಿಟ್ಟಳು. ಅಂಗವಿಕಲರ ಕ್ಯಾಂಪಿಗೆ ಕರೆದುಕೊಂಡು ಹೋದಾಗಲೆಲ್ಲ ಬೆಳಗಿನ ಮೊದಲ ಬಸ್ಸು, ಅದರಲ್ಲಿ ಸೀಟು ಸಿಕ್ಕಿದ ಕೂಡಲೇ ಅವಳು ನಿದ್ದೆ. ಇಳಿದು ಡಾಕ್ಟರ ಮುಂದೆ ನಿಂತರೆ ಕಾಲು ನೆಟ್ಟಗೆ.

“ನಡಿಯಮ್ಮ ಅಂತಾರೆ, ನಡೀತಾಳೆ. ಚೆನ್ನಾಗೇ ನಡೀತಾಳಲ್ರಿ ಅಂತ ಸರ್ಟಿಫಿಕೇಟ್ ಕೊಡ್ಲಿಲ್ಲ. ಓಣ್ಯಾಗಿನೋರು ಕೆಲ್ಸಗಳ್ಳಿ, ಕಳ್ಳಾಟ ಆಡ್ತಾಳೆ ಅಂತಾರೆ. ಮದುವೆ ಮಾತಾಡಾಕೆ ಬಂದೋರಿಗೂ ಯಾರೋ ಅದನ್ನೇ ಹೇಳಿ ಕಳ್ಸಿದ್ರು,” ಅಂದಳು.

ಹುಡುಗಿ ಮಾತ್ರ ಬೇರೆ ವಿಷಯಕ್ಕೆ ಅತ್ತಳು. ಹೀಗೇ ಮಧ್ಯಾಹ್ನಕ್ಕೇ ಕಾಲು ಕೈಕೊಟ್ಟರೆ ಒಂದು ಸೀರೆ ಮುಗಿಯುವುದು ಯಾವಾಗ, ಮುಂದಿನ ತಿಂಗಳಿಂದ ಆ ಮಗ್ಗಕ್ಕೆ ಬೇರೆಯವರನ್ನು ಕೂರಿಸೋಣ ಎಂದು ಅಪ್ಪ ಹೇಳಿದ್ದನಂತೆ. “ಬ್ಯಾರೆ ಯಾರೂ ಕೂರೋದು ಬ್ಯಾಡ. ಅದು ನನ್ ಮಗ್ಗ,” ಅಂದಳು.

ಟ್ಯಾಬ್ಲೆಟ್ಟಿನಲ್ಲಿದ್ದ ಅವಳ ಹಳೆಯ ಚೀಟಿಗಳ ಫೋಟೋ ತೆರೆದು ನೋಡಿದೆ. ಬಹಳ ವರ್ಷದ ಹಿಂದೆ ಯಾರೋ ಡಾಕ್ಟರು ‘ಸಿ.ಪಿ.’ ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಮೆದುಳಿನ ಪೆಟ್ಟಿರಬಹುದೇ ಎಂದು ಕೇಳಿಕೊಂಡಿದ್ದರು, ಅಷ್ಟೇ. ಟ್ಯಾಬ್ಲೆಟ್ಟು ಓದುವಾಗ ಆ ಚಿಹ್ನೆ ಬಿದ್ದುಹೋಗಿತ್ತು. ಅನುಮಾನ ಖಚಿತವಾಗಿತ್ತು. ಅದಕ್ಕೆ ‘ಸರಿ ಇದೆ’ ಎಂದವಳು ನಾನು. ಪ್ರೋಗ್ರಾಮು ಪಾಪ, ನಾನು ಹೇಳಿದ ಕಾಯಿಲೆಯನ್ನೇ ಹುಡುಕಿ, ಇಲ್ಲ ಎಂದು ಸರಿಯಾಗಿಯೇ ಉತ್ತರ ಕೊಟ್ಟಿತ್ತು.

ವರದಿಯನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ. “ಇವತ್ತು ಇಲ್ಲೇ ಇರ್ತೀನಿ. ನಾಳೆ ಬೆಳಿಗ್ಗೆಯಿಂದ ಸಂಜೆವರೆಗೂ ಇವಳ ಜೊತೆ ಕೂರ್ಬೇಕು. ಆಗುತ್ತಾ?” ಅಂದೆ.

“ಅದಕ್ಯಾಕ್ ಕೇಳ್ತೀಯಮ್ಮ,” ಅಂದಿತು ಅಜ್ಜಿ. “ಮುದ್ದೆ ತಿಂತೀಯಾ?”

ಮಾರನೆಯ ದಿನ ನನ್ನ ನೌಕರಿಯ ಅತ್ಯಂತ ಸರಳವಾದ ದಿನ. ರಕ್ತವಿಲ್ಲ, ಸೂಜಿಯಿಲ್ಲ. ಗಡಿಯಾರ ನೋಡುವುದು, ವಿಡಿಯೋ ತೆಗೆಯುವುದು. ಆರು ಗಂಟೆಗೆ ಅವಳು ಎದ್ದ ಕೂಡಲೇ ಅಂಗಳದಲ್ಲಿ ಹತ್ತು ಹೆಜ್ಜೆ ನಡೆಸಿದೆ. ನೆಟ್ಟಗೆ ನಡೆದಳು. ಹಿಮ್ಮಡಿಯ ಮೇಲೆ ನಡಿ ಅಂದೆ, ನಡೆದಳು. ತಿರುಗುವಾಗ ಲಂಗ ಎತ್ತಿ ಹಿಡಿದು ಕುಣಿದಂತೆ ತಿರುಗಿದಳು. ಅವ್ವ ಬೈದಳು. ಒಂಬತ್ತಕ್ಕೆ ಗುಂಡಿಯೊಳಗೆ ಟಾರ್ಚು ಬಿಟ್ಟು, ಹಲಗೆ ತುಳಿಯುವ ಪಾದಗಳನ್ನೇ ತೆಗೆದೆ. ಹನ್ನೊಂದಕ್ಕೆ ಬಲಗಾಲಿನ ಹೆಬ್ಬೆರಳು ಮೇಲೇಳತೊಡಗಿತು. ಹನ್ನೆರಡೂವರೆಗೆ ಪಾದ ಓರೆಯಾಯಿತು. ಹಲಗೆ ತಪ್ಪಿ ಜಾರತೊಡಗಿತು. ಒಂದು ಗಂಟೆಗೆ ಅಪ್ಪ ಅವಳನ್ನು ಮೇಲಕ್ಕೆತ್ತಿದ.

ಆಗ ಅಪ್ಪ ನನ್ನ ಕೈ ಹಿಡಿದು, ನೇಯ್ದ ಬಟ್ಟೆಯ ಮೇಲೆ ಇಟ್ಟ. “ಕಣ್ಣಾಗೆ ನೋಡ್ಬ್ಯಾಡ್ರಿ. ಬೆರಳಾಗೆ ನೋಡ್ರಿ. ಇದು ಬೆಳಿಗ್ಗೇದು. ಇದು ಹನ್ನೆರಡರದ್ದು.”

ನನ್ನ ಒರಟು ಬೆರಳಿಗೂ ಗೊತ್ತಾಯಿತು. ಮೊದಲಿನದು ಒತ್ತಾಗಿತ್ತು, ಆಮೇಲಿನದು ಅಲ್ಲಲ್ಲಿ ಸಡಿಲ. ಹತ್ತು ವರ್ಷದಿಂದ ಯಾವ ಆಸ್ಪತ್ರೆಯೂ ಬರೆದಿಡದ್ದು ಆ ಮನೆಯ ರೇಷ್ಮೆಯಲ್ಲಿ ಇಂಚು ಇಂಚಾಗಿ ದಾಖಲಾಗಿತ್ತು. ಅದರ ಫೋಟೋವನ್ನೂ ತೆಗೆದುಕೊಂಡೆ.

ಊಟವಾದ ಮೇಲೆ ಅವಳು ಒಂದು ಗಂಟೆ ಮಲಗಿದಳು. ಎರಡೂವರೆಗೆ ಎಬ್ಬಿಸಿದೆ. ಕಣ್ಣುಜ್ಜುತ್ತ ಎದ್ದವಳು ಸೀದಾ ಹಿತ್ತಲಿಗೆ ನಡೆದುಹೋಗಿ ಮುಖ ತೊಳೆದುಕೊಂಡು ಬಂದಳು. ಕಾಲು ಬೆಳಗಿನ ಹಾಗೇ ನೆಟ್ಟಗೆ. ನಾನು ವಿಡಿಯೋ ತೆಗೆಯುತ್ತಲೇ ಜೋರಾಗಿ ನಕ್ಕುಬಿಟ್ಟೆ. ಆ ನಗು ಇಂದಿಗೂ ಆ ವಿಡಿಯೋದಲ್ಲಿದೆ. ಐದಕ್ಕೆ ಮತ್ತೆ ಪಾದ ತಿರುಚಿತ್ತು.

ಹೊರಡುವ ಮುಂಚೆ ವಂಶದ ನಕ್ಷೆಯನ್ನು ಮತ್ತೆ ಬಿಡಿಸಿ ಕೂತೆ. ಅದರಲ್ಲಿ ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ಕಾಯಿಲೆ ಇದ್ದವರದ್ದಕ್ಕೆ ಕಪ್ಪು ತುಂಬಬೇಕು. ಹಿಂದಿನ ನಕ್ಷೆಯಲ್ಲಿ ಹುಡುಗಿಯ ವೃತ್ತ ಒಂದೇ ಕಪ್ಪು. ಈ ಸಲ ಪ್ರಶ್ನೆ ಬದಲಿಸಿದೆ. ‘ಮನೆಯಲ್ಲಿ ಬೇರೆ ಯಾರಿಗಾದರೂ ಕಾಲಿನ ಕಾಯಿಲೆ ಇದೆಯಾ’ ಎಂದು ಕೇಳುವ ಬದಲು, ‘ಸಂಜೆ ಹೊತ್ತಿಗೆ ಸುಸ್ತಾಗಿ ಕೂತುಬಿಡುವವರು ಯಾರಾದ್ರೂ ಇದ್ರಾ’ ಎಂದು ಕೇಳಿದೆ.

ಅಜ್ಜಿ ನಕ್ಷೆಯ ಕಡೆ ಬಗ್ಗಿತು. “ನಾನೇ,” ಅಂದಿತು. “ಚಿಕ್ಕೋಳಿದ್ದಾಗ ಸಾಯಂಕಾಲ ನೀರಿಗೆ ಹೋಗಾಕೆ ಆಗ್ತಿರ್ಲಿಲ್ಲ. ಕಾಲು ಸೆಟ್ಕೊಂಬೋದು. ನಮ್ಮತ್ತೆ ಸೋಮಾರಿ ಸೊಸೆ ಅನ್ನೋಳು. ಬೆಳಗಿನ ಜಾವವೇ ಎದ್ದು ಎಲ್ಲಾ ನೀರೂ ತಂದಿಟ್ಬಿಡ್ತಿದ್ದೆ.”

ಅದರ ಕೈ ಯಾವಾಗಲೂ ನಡುಗುತ್ತಿತ್ತು. ಕೂತಲ್ಲಿಂದ ಏಳುವುದಕ್ಕೂ ಅದಕ್ಕೆ ಬಹಳ ಹೊತ್ತು ಬೇಕು. ವಯಸ್ಸು ಎಂದು ಎಲ್ಲರೂ ತಿಳಿದಿದ್ದರು. ನಾನು ಇನ್ನೊಂದು ವೃತ್ತವನ್ನು ಅರ್ಧ ಕಪ್ಪು ಮಾಡಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಈ ಸಲ ದೊಡ್ಡದಾಗಿಯೇ ಹಾಕಿದೆ.

ಚಳ್ಳಕೆರೆಗೆ ಬಂದವಳೇ ವಿಶ್ಲೇಷಕಿಗೆ ಫೋನ್ ಮಾಡಿದೆ. ಬೆಂಗಳೂರಿನಲ್ಲಿ ಕೂತು ಆ ಪ್ರೋಗ್ರಾಮು ನಡೆಸಿ, ಪಟ್ಟಿಯನ್ನು ಜರಡಿ ಹಿಡಿಯುವ ಹೆಣ್ಣುಮಗಳು ಅವಳು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮುಖ ನೋಡಿರಲಿಲ್ಲ, ದನಿ ಮಾತ್ರ ಪರಿಚಯ.

“ಅಕ್ಕಾ, ಆ ಕೇಸು ಮುಚ್ಚಿದೆ,” ಅಂದಳು. “ಮತ್ತೆ ತೆರೀಬೇಕು ಅಂದ್ರೆ ಡಾಕ್ಟ್ರು ಒಪ್ಪಬೇಕು. ಯಾಕೆ ತೆರೀತಿದ್ದೀವಿ ಅಂತ ಕಾರಣ ಬರೀಬೇಕು.”

“ಬರಿ. ನರ್ಸು ಫಾರಂ ಸರಿಯಾಗಿ ತುಂಬಿರ್ಲಿಲ್ಲ ಅಂತ ಬರಿ.”

“ಹಂಗೇ ಬರೀಲಾ?”

“ಹಂಗೇ ಬರಿ.”

ಹೇಳುವಾಗ ಧೈರ್ಯವಿತ್ತು. ಫೋನ್ ಇಟ್ಟ ಮೇಲೆ ಅದು ಉಳಿಯಲಿಲ್ಲ. ನಾನು ಆ ಒಂದೇ ಮನೆಯ ಫಾರಂ ತುಂಬಿದವಳಲ್ಲ. ಇವಳದ್ದು ತಪ್ಪಾದರೆ ಉಳಿದವು ಎಷ್ಟು ಸರಿ ಎಂದು ಯಾರಾದರೂ ಕೇಳಿದರೆ? ಕೇಳಬೇಕಾದ ಪ್ರಶ್ನೆಯೇ ಅದು. ಯಾರೂ ಕೇಳುವ ಮುಂಚೆ ನಾನೇ ಹಳೆಯ ಫಾರಂಗಳನ್ನೆಲ್ಲ ತೆಗೆದು ಕೂತೆ. ಹನ್ನೊಂದು ಮನೆಗೆ ಮತ್ತೆ ಹೋಗಬೇಕು ಎಂದು ಗುರುತು ಹಾಕಿಕೊಂಡೆ.

ನರರೋಗದ ಡಾಕ್ಟರು ನಮ್ಮ ಯೋಜನೆಯ ಹಿರಿಯರು. ತಿಂಗಳಿಗೊಮ್ಮೆ ಚಳ್ಳಕೆರೆಗೆ ಬರುತ್ತಿದ್ದರು. ಎಲ್ಲವನ್ನೂ ಫೋನಿನಲ್ಲಿ ಹೇಳಿದೆ. ಬೈಯಲಿಲ್ಲ. “ವಿಡಿಯೋ ಕಳಿಸಿ,” ಅಂದರು. ಒಂದು ಗಂಟೆಯ ನಂತರ ಅವರೇ ಫೋನ್ ಮಾಡಿದರು.

“ಸಿಸ್ಟರ್, ಆ ಎರಡೂವರೆ ಗಂಟೆ ವಿಡಿಯೋನ ನಾಲ್ಕು ಸಲ ನೋಡ್ದೆ. ಅದರಲ್ಲಿ ನಗ್ತಿರೋದು ಯಾರು?”

“ನಾನೇ ಸರ್.”

“ನನಗೂ ನಗು ಬಂತು. ಒಂದು ಅನುಮಾನ ಇದೆ. ಈಗ ಹೇಳೋದಿಲ್ಲ. ನನ್ನ ಅನುಮಾನ ಮನಸ್ಸಲ್ಲಿಟ್ಕೊಂಡು ನೀವು ಫಾರಂ ತುಂಬೋದು ಬೇಡ. ನೋಡಿದ್ದಷ್ಟನ್ನೇ ತುಂಬಿ. ಆಮೇಲೆ ಪ್ರೋಗ್ರಾಮು ಏನು ಹೇಳುತ್ತೋ ನೋಡೋಣ.”

ಟ್ಯಾಬ್ಲೆಟ್ಟು ತೆರೆದು, ಅದು ತಾನೇ ತುಂಬಿದ್ದನ್ನೆಲ್ಲ ಅಳಿಸಿದೆ. ಒಂದೊಂದೇ ಲಕ್ಷಣ ಹುಡುಕಿ ಸೇರಿಸತೊಡಗಿದೆ. ಪಾದ ತಿರುಚುವುದು. ಶುರುವಾದದ್ದು ಬಾಲ್ಯದಲ್ಲಿ. ಬುದ್ಧಿ, ಮಾತು ಸಹಜ. ‘ಸಂಜೆಗೆ ಹೆಚ್ಚಾಗುತ್ತದೆ’ ಎನ್ನುವುದನ್ನು ಎಲ್ಲಿ ಬರೆಯಲಿ ಎಂದು ತಡಕಾಡಿದರೆ, ಪಟ್ಟಿಯಲ್ಲಿ ಅದೇ ಅರ್ಥದ ಸಾಲು ಮೊದಲಿನಿಂದಲೂ ಇತ್ತು! ನಿದ್ದೆಯಿಂದ ಕಡಿಮೆಯಾಗುತ್ತದೆ ಎನ್ನುವುದೂ ಇತ್ತು. ಮೂರು ಸಲ ಬೆರಳು ಒತ್ತಿದ್ದರೆ ಸಿಗುತ್ತಿತ್ತು. ನಾನು ಅಷ್ಟು ದೂರ ಹೋಗಿರಲೇ ಇಲ್ಲ.

ಮಧ್ಯಾಹ್ನ ಕಳಿಸಿದೆ. ಸಂಜೆಯೊಳಗೆ ವಿಶ್ಲೇಷಕಿಯ ಫೋನು ಬಂತು. ಅದೇ ರಕ್ತ, ಅದೇ ಅಕ್ಷರಗಳು, ಹೊಸದಾಗಿ ಏನೂ ಓದಿಸಿರಲಿಲ್ಲ. ಹಿಂದೆ ಪಟ್ಟಿಯಲ್ಲಿ ಅರವತ್ತರಾಚೆ ಎಲ್ಲೋ ಬಿದ್ದಿದ್ದ ಒಂದು ವ್ಯತ್ಯಾಸ ಈಗ ಮೇಲೆ ಬಂದಿತ್ತು.

“ಮೊದಲನೇದಾ?” ಅಂದೆ.

“ಮೂರನೇದು ಅಕ್ಕ.”

ನನ್ನ ಮುಖ ಬಾಡಿದ್ದು ಅವಳಿಗೆ ಫೋನಿನಲ್ಲೇ ಕಂಡಿರಬೇಕು. “ತಡೀರಿ, ಮೊದಲನೆಯದು ಕಾಯಿಲೆ ತರೋಕೆ ಅಪ್ಪ ಅವ್ವ ಇಬ್ಬರಿಂದಲೂ ಬರಬೇಕು. ಇವಳಲ್ಲಿ ಒಂದೇ ಕಡೆಯದ್ದಿದೆ. ಅದು ಹೋಯ್ತು. ಎರಡನೆಯದು ನಮ್ಮ ಕಡೆಯ ಎಷ್ಟೋ ಆರೋಗ್ಯವಂತರಲ್ಲೂ ಇದೆ. ಅದೂ ಹೋಯ್ತು. ಮಷಿನ್ನಿಗೆ ಅದು ಗೊತ್ತಾಗಿಲ್ಲ, ನಮಗೆ ಗೊತ್ತು. ಉಳಿದದ್ದು ಇದೇ.”

ಮೂರನೆಯದು ಇದ್ದದ್ದು ಜಿಸಿಎಚ್-ಒಂದು ಎಂಬ ಜೀನಿನಲ್ಲಿ. ಮೆದುಳು ಕೈಕಾಲಿನ ಚಲನೆಯನ್ನು ನಡೆಸಲು ಡೋಪಮಿನ್ ಎಂಬ ರಾಸಾಯನಿಕ ಬೇಕು. ಆ ಜೀನು ಕೆಟ್ಟರೆ ಅದು ತಯಾರಾಗುವುದು ಕಡಿಮೆ. ನಿದ್ದೆಯಲ್ಲಿ ಒಂದಿಷ್ಟು ಕೂಡಿಕೊಳ್ಳುತ್ತದೆ, ದಿನವೆಲ್ಲ ಖರ್ಚಾಗಿ ಸಂಜೆಗೆ ಸಾಲದೆ ಬರುತ್ತದೆ. ಡಾಕ್ಟರ ಮನಸ್ಸಿನಲ್ಲಿದ್ದ ಅನುಮಾನವೂ ಅದೇ ಆಗಿತ್ತು. ಇದಕ್ಕೆ ಔಷಧಿ ಇದೆ, ಬಹಳ ಹಳೆಯ ಔಷಧಿ, ಬಹಳ ಚೆನ್ನಾಗಿ ಕೆಲಸ ಮಾಡುವಂಥದ್ದು ಎಂದರು. ಆದರೆ ಒಂದು ಮಾತು ಸೇರಿಸಿದರು: “ಕಂಪ್ಯೂಟರ್ ಪಟ್ಟಿ ಕೊಡ್ತು ಅಂತ ಔಷಧಿ ಕೊಡೋದಿಲ್ಲ. ಕಾಲು ನೋಡಿ ಕೊಡ್ತೀನಿ. ಮುಂದಿನ ವಾರ ಚಳ್ಳಕೆರೆಗೆ ಬರ್ತೀನಲ್ಲ, ಕರೆಸಿ.”

ಕರೆಸುವುದೇನೋ ಸರಿ. ಬಸ್ಸಿನಲ್ಲಿ ಅವಳು ನಿದ್ದೆ ಮಾಡಿಬಿಟ್ಟರೆ? ಅವ್ವನಿಗೆ ಫೋನ್ ಮಾಡಿ, “ಮಧ್ಯಾಹ್ನದ ಬಸ್ಸಿಗೆ ಬನ್ನಿ, ನಾಲ್ಕು ಗಂಟೆಗೆ ತೋರಿಸೋಣ. ಏನೇ ಆದ್ರೂ ಬಸ್ಸಿನಾಗೆ ಮಲಗೋಕೆ ಬಿಡಬೇಡ್ರಿ,” ಅಂದೆ.

ಆ ತಾಯಿ ಉಪಾಯಗಾರ್ತಿ. ಹತ್ತಿದ ಕೂಡಲೇ ಮಗಳ ಮಡಿಲಿಗೆ ಎರಡು ಸೇರು ಹಸಿ ಕಡ್ಲೆಕಾಯಿ ಸುರಿದು, ಸುಲಿ ಅಂದಳಂತೆ. ಕಣ್ಣು ಎಳೆದಾಗಲೆಲ್ಲ ತೊಡೆಗೆ ಚಿವುಟಿದಳಂತೆ. ಪಕ್ಕದ ಸೀಟಿನವರೂ ವಿಷಯ ಕೇಳಿ ಸುಲಿಯಲು ಕೈಹಾಕಿ, ಅರ್ಧ ತಿಂದು ಮುಗಿಸಿದರಂತೆ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಹುಡುಗಿ ಅವ್ವನ ಹೆಗಲಿಗೆ ಜೋತುಬಿದ್ದಿದ್ದಳು. ಪಾದ ಪೂರ್ತಿ ತಿರುಚಿತ್ತು. ಅವ್ವನ ಸೆರಗಿನ ತುಂಬ ಕಡ್ಲೆಕಾಯಿ ಸಿಪ್ಪೆ. ಅಪ್ಪ, ಅಜ್ಜಿ ಹಿಂದೆ. ಅವಳ ಅಷ್ಟು ಕೆಟ್ಟ ಕಾಲು ಕಂಡು ಅಷ್ಟು ಖುಷಿಪಟ್ಟ ನರ್ಸು ಇನ್ನೊಬ್ಬಳಿರಲಿಕ್ಕಿಲ್ಲ.

ಡಾಕ್ಟರು ನೆಲದ ಮೇಲೆ ಮಂಡಿಯೂರಿ ಕೂತು ಆ ಪಾದವನ್ನು ಬಹಳ ಹೊತ್ತು ನೋಡಿದರು. ಮೆಲ್ಲಗೆ ತಿರುಗಿಸಿ ನೋಡಿದರು. ನಡೆಸಿದರು. ಹುಡುಗಿ ತಪ್ಪು ಮಾಡಿದವಳ ಹಾಗೆ, “ಬೆಳಿಗ್ಗೆ ಚೆನ್ನಾಗಿರ್ತೀನಿ ಸಾರ್,” ಅಂದಳು.

“ಗೊತ್ತಮ್ಮ,” ಅಂದರು ಡಾಕ್ಟರು. “ನೀನು ಕಳ್ಳಾಟ ಆಡ್ತಿಲ್ಲ ಅನ್ನೋದೂ ಗೊತ್ತು.”

ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಸಿಪ್ಪೆಯೆಲ್ಲ ಆಸ್ಪತ್ರೆಯ ನೆಲಕ್ಕೆ ಸುರಿಯಿತು.

ಅಜ್ಜಿಯ ರಕ್ತ, ಅಪ್ಪನ ರಕ್ತ ತೆಗೆದೆ. ಹುಡುಗಿಯದೂ ಇನ್ನೊಂದು ಟ್ಯೂಬು. ಆ ಒಂದು ಜಾಗವನ್ನಷ್ಟೇ ಹಳೆಯ ವಿಧಾನದಲ್ಲಿ ಮತ್ತೆ ಓದಿ ಖಚಿತ ಮಾಡಿಕೊಳ್ಳಬೇಕಿತ್ತು. ಅದು ಬರುವವರೆಗೆ ಕಡಿಮೆ ಪ್ರಮಾಣದಲ್ಲಿ ಔಷಧಿ ಕೊಟ್ಟು ನೋಡೋಣ ಎಂದು ಡಾಕ್ಟರು ಬರೆದುಕೊಟ್ಟರು. ದಿನಕ್ಕೆ ಎರಡು ಸಲ, ಅರ್ಧರ್ಧ ಮಾತ್ರೆ. ಮೆಡಿಕಲ್ ಶಾಪಿನವನು ಚೀಟಿ ನೋಡಿ, ಹುಡುಗಿ ನೋಡಿ, “ಇದು ಕೈನಡುಕದ ಮುದುಕರಿಗೆ ಕೊಡೋದು ಸಿಸ್ಟರ್, ಚೀಟಿ ಅದಲುಬದಲಾಗೈತೇನೋ ನೋಡ್ರಿ,” ಅಂದ. ಅವನು ಕೇಳಿದ್ದು ನನಗೆ ಇಷ್ಟವಾಯಿತು. ಡಾಕ್ಟರಿಗೆ ಫೋನ್ ಮಾಡಿ ಅವನ ಕೈಗೇ ಕೊಟ್ಟೆ.

ಮೊದಲ ದಿನ ವಾಂತಿ. ಅವ್ವ ಫೋನ್ ಮಾಡಿ, “ನಿಲ್ಲಿಸ್ಬಿಡ್ತೀನಿ ಸಿಸ್ಟರಮ್ಮ, ಇದ್ದ ಕಾಲೂ ಹೋದ್ರೆ?” ಅಂದಳು. ಡಾಕ್ಟರನ್ನು ಕೇಳಿ, ಮಾತ್ರೆಗೆ ಮುಂಚೆ ಒಂದು ತುಂಡು ರೊಟ್ಟಿ ತಿನ್ನಿಸಲು ಹೇಳಿದೆ. ಎರಡನೆಯ ದಿನ ವಾಂತಿ ನಿಂತಿತು, ಕಾಲು ಹಾಗೇ ತಿರುಚಿತು. ಮೂರನೆಯ ದಿನ ಯಾರೂ ಫೋನ್ ಮಾಡಲಿಲ್ಲ. ನಾನೇ ಮಾಡೋಣವೆಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟೆ. ತಪ್ಪು ಆಸೆ ತೋರಿಸಿಬಿಟ್ಟೆನೇನೋ ಅನಿಸಿತು. ಖಾಲಿ ವರದಿಯನ್ನು ಕೈಗಿಟ್ಟು ಬಂದಿದ್ದರೇ ವಾಸಿಯಿತ್ತೇನೋ ಅಂತಲೂ ಒಂದು ಕ್ಷಣ ಅನಿಸಿತು.

ನಾಲ್ಕನೆಯ ದಿನ ನಾನು ಮಾರ್ಕೆಟ್ಟಿನ ರಸ್ತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಸಂಜೆ ಆರೂ ಕಾಲು. ಹುಡುಗಿಯ ಅಪ್ಪನ ಫೋನು.

“ಸಿಸ್ಟರಮ್ಮ, ಕೇಳ್ರಿ,” ಅಂದ.

ಆಟೋಗಳ ಗದ್ದಲದಲ್ಲಿ ಏನೂ ಕೇಳಲಿಲ್ಲ. ಪಕ್ಕದ ಎಣ್ಣೆ ಅಂಗಡಿಯೊಳಗೆ ನುಗ್ಗಿ, ಒಂದು ಕಿವಿಗೆ ಬೆರಳಿಟ್ಟುಕೊಂಡು ನಿಂತೆ. ಟಕ್, ಟಕ್. ಮತ್ತೆ ಟಕ್, ಟಕ್. ಒಂದೇ ಸಮ, ಎಲ್ಲೂ ತಪ್ಪದೆ.

“ಯಾರು ನೇಯ್ತಿರೋದು?” ಅಂದೆ. ಗೊತ್ತಿದ್ದೂ ಕೇಳಿದೆ.

“ಇನ್ಯಾರು?” ಅಂದ. “ಏಳು ಅಂದ್ರೆ ಏಳಂಗಿಲ್ಲ. ಬೆಳಿಗ್ಗೆಯಿಂದ ಕುಂತಾಳೆ.” ಹಿಂದಿನಿಂದ ಹುಡುಗಿ ಕೂಗಿದಳು: “ಅಪ್ಪಾ, ಫೋನ್ ಇಡು, ಲಾಳಿ ಕೊಡು!”

ನಾನು ಅಂಗಡಿಯ ಎಣ್ಣೆ ಡಬ್ಬಿಗಳ ನಡುವೆ ನಿಂತು ಅಳುತ್ತಿದ್ದೆ. ಅಂಗಡಿಯವರು ಸ್ಟೂಲು ತಂದು ಹಾಕಿ, ಯಾರಿಗೆ ಏನಾಯಿತಮ್ಮ ಎಂದು ಗಾಬರಿಯಾಗಿ ಕೇಳಿದರು. “ಏನಿಲ್ರಿ, ಒಂದು ಹುಡುಗಿಗೆ ಕಾಲು ಬಂತು,” ಅಂದೆ. ಅವರಿಗೆ ಏನು ಅರ್ಥವಾಯಿತೋ, ಒಂದು ಹಿಡಿ ಬೆಲ್ಲ ಕೊಟ್ಟರು.

ಮೂರು ವಾರಕ್ಕೆ ಲ್ಯಾಬಿನ ಉತ್ತರ ಬಂತು. ಹುಡುಗಿಯಲ್ಲಿ ಆ ಬದಲಾವಣೆ ಖಚಿತ. ಅಜ್ಜಿಯಲ್ಲೂ ಇತ್ತು. ಅಪ್ಪನಲ್ಲೂ ಇತ್ತು, ಆದರೆ ಅವನಿಗೆ ಏನೂ ಆಗಿರಲಿಲ್ಲ. ಬದಲಾವಣೆ ಇದ್ದವರಿಗೆಲ್ಲ ಕಾಯಿಲೆ ಬರಲೇಬೇಕು ಎಂದಿಲ್ಲ, ಹೆಣ್ಣುಮಕ್ಕಳಲ್ಲೇ ಹೆಚ್ಚು ಎಂದು ಡಾಕ್ಟರು ವಿವರಿಸಿದ್ದರು. ಈ ವರದಿಯನ್ನೂ ಮನೆಗೇ ಹೋಗಿ ಎದುರು ಕೂತು ಹೇಳಿದೆ. ಅಜ್ಜಿಯ ಮುಖ ಸಣ್ಣದಾಯಿತು.

“ಹಂಗಾದ್ರೆ ನಾನು ಕೊಟ್ಟಿದ್ದಾ ಇದು?”

ನಾನು ಇಂಥ ಮಾತಿಗೆ ತರಬೇತಿಯಲ್ಲಿ ಕಲಿತ ಉತ್ತರ ಹುಡುಕುತ್ತಿದ್ದೆ. ಹುಡುಗಿಯೇ ಮುಂಚೆ ಅಂದಳು: “ನೇಯೋದು ಕಲ್ಸಿದ್ದೂ ನೀನೇ ಅಲ್ವಾ ಅಜ್ಜಿ? ಅದಕ್ಕೆ ಯಾರೂ ಏನೂ ಅಂದಿಲ್ಲ.”

ಅಜ್ಜಿ ನನ್ನ ಕಡೆ ತಿರುಗಿ, “ಹಂಗಾದ್ರೆ ನನಗೂ ಆ ಗುಳಿಗೆ ಕೊಡ್ಸು,” ಅಂದಿತು.

ಕೊಡಿಸಿದೆವು. ಡಾಕ್ಟರು ಪರೀಕ್ಷೆ ಮಾಡಿ, ಇನ್ನೂ ಕಡಿಮೆ ಪ್ರಮಾಣದಿಂದ ಶುರು ಮಾಡಿದರು. ನಡುಕ ಪೂರ್ತಿ ಹೋಗಲಿಲ್ಲ, ಆದರೆ ಅಜ್ಜಿ ಕೂತಲ್ಲಿಂದ ಯಾರ ಕೈಯನ್ನೂ ಹಿಡಿಯದೆ ಏಳತೊಡಗಿತು. ಸಂಜೆ ಆರಕ್ಕೆ ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇಕೆಂತಲೇ ನಡೆಯುವುದು ಅದರ ಹೊಸ ರೂಢಿಯಾಯಿತು. ಬಾಗಿಲಲ್ಲಿ ಕೂತವರನ್ನೆಲ್ಲ ಮಾತಾಡಿಸಿಕೊಂಡೇ ಹೋಗುತ್ತಿತ್ತಂತೆ. ಕಳ್ಳಾಟ ಎಂದವರ ಮನೆ ಮುಂದೆ ಸ್ವಲ್ಪ ಹೆಚ್ಚು ಹೊತ್ತು.

ನಮ್ಮ ಫಾರಮ್ಮೂ ಬದಲಾಯಿತು. ರೋಗಿಯನ್ನು ದಿನದ ಯಾವ ಹೊತ್ತಿನಲ್ಲಿ ನೋಡಿದಿರಿ ಎಂಬ ಪ್ರಶ್ನೆ ಸೇರಿತು. ಅದನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಹಳೆಯ ಚೀಟಿಯಿಂದ ಬಂದ ಮಾತು ಬೇರೆ ಬಣ್ಣದಲ್ಲಿ ಕಾಣುತ್ತದೆ, ನರ್ಸು ಕಣ್ಣಾರೆ ಕಂಡದ್ದು ಬೇರೆ ಬಣ್ಣದಲ್ಲಿ. ಗುರುತು ಹಾಕಿಕೊಂಡಿದ್ದ ಹನ್ನೊಂದು ಮನೆಗೂ ಹೋದೆ. ಒಂಬತ್ತು ಕಡೆ ಮೊದಲು ಬರೆದದ್ದೇ ಸರಿಯಿತ್ತು. ಎರಡು ಕಡೆ ತಿದ್ದಿದೆ. ಆ ಎರಡರ ಉತ್ತರ ಇನ್ನೂ ಬಂದಿಲ್ಲ.

ಇಷ್ಟಾದ ಮೇಲೆ ಒಂದು ದಿನ ವಿಶ್ಲೇಷಕಿ ಫೋನ್ ಮಾಡಿ, “ಅಕ್ಕಾ, ಅವಳನ್ನ ನೋಡ್ಬೇಕು,” ಅಂದಳು. ಅಷ್ಟು ವರ್ಷ ಎಷ್ಟೋ ಜನರ ಜೀನು ಓದಿದ್ದಾಳೆ, ಒಬ್ಬರ ಮುಖವನ್ನೂ ನೋಡಿರಲಿಲ್ಲವಂತೆ. ಮನೆಯವರ ಒಪ್ಪಿಗೆ ಕೇಳಿದೆ. ಊಟಕ್ಕೇ ಬರಬೇಕು ಎಂದರು. ಚಳ್ಳಕೆರೆಯಲ್ಲಿ ಬಸ್ಸಿನಿಂದ ಇಳಿದ ತೆಳ್ಳಗಿನ ಹುಡುಗಿಯನ್ನು ದನಿಯಿಂದಲೇ ಗುರುತು ಹಿಡಿದು ಮೊಳಕಾಲ್ಮೂರಿಗೆ ಕರೆದುಕೊಂಡು ಹೋದೆ.

ಇಬ್ಬರೂ ಎದುರೆದುರು ನಿಂತರು.

“ನನ್ ರಕ್ತ ಓದಿದ್ದು ನೀವೇನಾ ಅಕ್ಕ?” ಅಂದಳು ನಮ್ಮ ಹುಡುಗಿ.

“ಹ್ಞೂಂ.”

“ಪೂರ್ತಿ ಓದಿದ್ರಾ?”

“ಇಲ್ಲಪ್ಪ, ಬೇಕಾದ ಕಡೆ ಮಾತ್ರ. ಪೂರ್ತಿ ಓದೋಕೆ ನನ್ನ ಆಯುಸ್ಸು ಸಾಲಲ್ಲ.”

ಇಬ್ಬರೂ ನಕ್ಕರು. ಆಮೇಲೆ ಹುಡುಗಿ ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ, ಚಪ್ಪಲಿ ಬಿಡಿಸಿ, ಮಗ್ಗದ ಗುಂಡಿಯೊಳಗೆ ಕೂರಿಸಿದಳು. ಹಬ್ಬಕ್ಕೆಂದು ಮಗ್ಗಕ್ಕೆ ಏರಿಸಿದ ಕೆಂಪು ಸೀರೆ ಅರ್ಧಕ್ಕೆ ಬಂದಿತ್ತು. ಅಡ್ಡ ಎಳೆಯ ಲಾಳಿ ಹಾಯಿಸುವುದು ಹೇಗೆ, ಹಲಗೆ ತುಳಿಯುವುದು ಯಾವಾಗ ಎಂದು ಹೇಳಿಕೊಟ್ಟಳು. ಬೆಂಗಳೂರಿನ ಹುಡುಗಿಗೆ ಕೈ ಸರಿಹೋದರೆ ಕಾಲು ತಪ್ಪುತ್ತಿತ್ತು, ಕಾಲು ಸರಿಹೋದರೆ ಲಾಳಿ ನೆಲಕ್ಕೆ ಬೀಳುತ್ತಿತ್ತು. ಎರಡು ಎಳೆ ಪಟ್ಟೆಂದು ಹರಿದವು. “ಅಯ್ಯೋ, ಸಾರಿ, ಸಾರಿ,” ಎಂದು ಏಳಲು ಹೋದ ಅವಳ ಹೆಗಲು ಒತ್ತಿ ಮತ್ತೆ ಕೂರಿಸಿದಳು ನಮ್ಮ ಹುಡುಗಿ.

“ಏನಾಗಲ್ಲ, ಗಂಟು ಹಾಕಿದ್ರಾಯ್ತು,” ಅನ್ನುತ್ತ ಹರಿದ ಎಳೆಗಳನ್ನು ಬೆರಳಿನಲ್ಲಿ ಹೊಸೆದು ಸೇರಿಸಿದಳು. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಒಳಗೆ ಬಗ್ಗಿ ನೋಡುತ್ತ, ತಡೆಯಲಾರದ ನಗು ತಡೆಯುತ್ತ ಅಂದಳು:

“ಅಕ್ಕಾ, ಅದು ಬಲಗಾಲು. ಎಡಗಾಲು ತುಳೀರಿ. ಎಡಗಾಲು!”